ಸಮಾಧಾನಪ್ಪ ಚಾರ್ಜು ಒಪ್ಪಿಸಿದ್ದು

ಬೆಳಿಗ್ಗೆ ಬಂದ ಕೂಡಲೇ ಮ್ಯಾನೇಜರು ಕೇಳಿದ್ದು ಬಹಳ ಸಣ್ಣ ಉಪಕಾರ.

"ಸಂಜೆ ಒಳಗೆ ನಿಮ್ಮ ಬೀಗದ ಕೈ ಯಾರಿಗಾದ್ರೂ ಕೊಟ್ಬಿಡಿ."

"ಯಾಕೆ ಸರ್, ಬೀಗ ಬದಲಾಯಿಸ್ತಾ ಇದ್ದೀರಾ?" ಎಂದ ಸಮಾಧಾನಪ್ಪ.

"ಬೀಗ ಅಲ್ಲ."

"ಮತ್ತೆ ಬಾಗಿಲಾ? ಕೆಳಗಡೆ ಗೆದ್ದಲು ಹಿಡಿದಿದೆ ಅಂತ ನಾನು ಆವತ್ತೇ ಹೇಳಿದ್ದೆ."

"ಬಾಗಿಲೂ ಅಲ್ಲ ಕಣ್ರೀ." ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬೀಗ ಇರುತ್ತೆ, ಬಾಗಿಲೂ ಇರುತ್ತೆ."

ಬೀಗವೂ ಇದ್ದು ಬಾಗಿಲೂ ಇದ್ದ ಮೇಲೆ ಇಲ್ಲವಾಗುವುದು ಯಾವುದು ಎಂದು ಸಮಾಧಾನಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಯೋಚನೆ ಸುತ್ತಿ ಬಳಸಿ ತನ್ನ ಹತ್ತಿರವೇ ಬಂದು ನಿಂತಿತು.

"ಕಂಪನಿ ಖರ್ಚು ಇಳಿಸ್ತಾ ಇದೆ," ಮ್ಯಾನೇಜರು ಮೇಜಿಗೆ ಹೇಳುವಂತೆ ಹೇಳಿದರು. "ದೂರು ವಿಭಾಗಕ್ಕೆ ಅಂತಲೇ ಒಬ್ಬ ಮನುಷ್ಯ ಬೇಡ, ಇರೋರಲ್ಲೇ ಯಾರಾದ್ರೂ ನೋಡ್ಕೊಳ್ಳಲಿ ಅಂತ ತೀರ್ಮಾನ ಆಗಿದೆ. ನಿಮ್ಮ ಹುದ್ದೆ ಮಾತ್ರ ರದ್ದು. ನಿಮ್ಮ ಮೇಲೆ ಏನೂ ಇಲ್ಲ. ನೀವು ಒಳ್ಳೆ ಮನುಷ್ಯ."

ಒಳ್ಳೆಯ ಮನುಷ್ಯ ಎಂದು ಯಾರಾದರೂ ಮುಖದ ಮೇಲೇ ಹೇಳಿದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಸಮಾಧಾನಪ್ಪ ಮುಟ್ಟಿ ನೋಡಿಕೊಂಡ. ಬೀಗದ ಕೈ ಗೊಂಚಲು ಅಲ್ಲೇ ಇತ್ತು.

ಅದು ಫ್ಯಾನು ತಯಾರಿಸುವ ಕಂಪನಿ. ಫ್ಯಾನು ಕೊಂಡವರಲ್ಲಿ ಬಹುಮಂದಿ ಗಾಳಿ ಕುಡಿದು ಸುಖವಾಗಿದ್ದರು. ಉಳಿದವರು ಫ್ಯಾನನ್ನು ಬಗಲಲ್ಲಿಟ್ಟುಕೊಂಡು ದೂರು ವಿಭಾಗಕ್ಕೆ ಬರುತ್ತಿದ್ದರು. ತಿರುಗುತ್ತದೆ ಗಾಳಿ ಬರುವುದಿಲ್ಲ ಎನ್ನುವವರು, ಗಾಳಿ ಬರುತ್ತದೆ ಜೊತೆಗೆ ಸದ್ದೂ ಬರುತ್ತದೆ ಎನ್ನುವವರು, ಮಗುವಿನ ನಿದ್ದೆ ಕೆಟ್ಟಿತು ಎನ್ನುವವರು, ಹೀಗೆ ಬಂದವರೆಲ್ಲ ಬಾಗಿಲಲ್ಲೇ ಕೂಗಾಟ ಶುರು ಮಾಡುತ್ತಿದ್ದರು. ಅವರನ್ನೆಲ್ಲ ಸಮಾಧಾನ ಮಾಡಿ ಕಳಿಸುವುದು ಇವನ ಕೆಲಸ. ಅದರಿಂದಲೇ ಆ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಅವನಿಗೆ ನೆನಪಾಗುತ್ತಿತ್ತು.

ಹೊರಗಿನಿಂದ ನೋಡಿದವರಿಗೆ ಆ ಕೋಣೆ ಕಟುಕನ ಅಂಗಡಿಯಂತೆ ಕಾಣುತ್ತಿತ್ತು. ಒಳಗೆ ಮಾತ್ರ ಪರಮ ಸುಖ. ಸಮಾಧಾನಪ್ಪ ಬಂದವರನ್ನು ಕೂರಿಸುತ್ತಿದ್ದ, ಒಂದು ಲೋಟ ನೀರು ಕೊಡುತ್ತಿದ್ದ, ಆಮೇಲೆ ಸುಮ್ಮನೆ ತಲೆಯಾಡಿಸುತ್ತಿದ್ದ. ಕೂಗುವವರು ಎಷ್ಟು ಹೊತ್ತು ತಾನೇ ಕೂಗಿಯಾರು? ಸುಸ್ತಾಗಿ ಅವರೇ ನಿಲ್ಲಿಸುತ್ತಿದ್ದರು. ಫ್ಯಾನನ್ನು ರಿಪೇರಿ ಕೋಣೆಗೆ ಕಳಿಸಿ ಒಂದು ಚೀಟಿ ಬರೆದುಕೊಟ್ಟರೆ ಮುಗಿಯಿತು. ಊಟವಾದ ಮೇಲೆ ತಲೆಯಾಡಿಸುವುದಕ್ಕೂ ತೂಕಡಿಸುವುದಕ್ಕೂ ಹೆಚ್ಚು ವ್ಯತ್ಯಾಸವಿರುತ್ತಿರಲಿಲ್ಲ. ಈ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. "ನಿಮ್ಮ ಕೆಲಸ ಬಹಳ ಕಷ್ಟ" ಎಂದು ಯಾರಾದರೂ ಅಂದರೆ ನಿಟ್ಟುಸಿರು ಬಿಡುತ್ತಿದ್ದ.

ಇನ್ನು ಆ ಬೀಗದ ಕೈಯ ವಿಷಯ. ಕಂಪನಿ ಕಟ್ಟಿದ ದೊಡ್ಡ ಯಜಮಾನರ ಕಾಲದಲ್ಲಿ ಯಾರೋ ಒಬ್ಬ ಗುಮಾಸ್ತ ಕೆಲಸ ಬಿಡುವಾಗ ಗೋದಾಮಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದನಂತೆ. ಬೆಳಗಾಗುವುದರೊಳಗೆ ಗೋದಾಮು ಗುಡಿಸಿದ ಹಾಗಿತ್ತಂತೆ. ಅಂದಿನಿಂದ ಯಜಮಾನರು ಒಂದು ಕಟ್ಟಳೆ ಮಾಡಿದರು. ಚಾರ್ಜು ಒಪ್ಪಿಸುವುದೆಂದರೆ ಬೀಗದ ಕೈ ಕೈಯಿಂದ ಕೈಗೆ ಹೋಗಬೇಕು. ತೆಗೆದುಕೊಂಡವನು ನಾಲ್ಕು ಜನಕ್ಕೆ ಕೇಳುವಂತೆ "ತಗೊಂಡೆ" ಅನ್ನಬೇಕು. ಆ ಮಾತು ಬರುವವರೆಗೆ ಕೊಡುವವನನ್ನು ಕೆಲಸದಿಂದ ಬಿಡುವ ಹಾಗಿಲ್ಲ, ಆ ಮಾತು ಬಂದ ಮೇಲೆ ಅವನನ್ನು ಇಟ್ಟುಕೊಳ್ಳುವ ಹಾಗಿಲ್ಲ. ದೊಡ್ಡ ಯಜಮಾನರು ತೀರಿಕೊಂಡು ಅವರ ಮಗಳು ಯಜಮಾನತಿಯಾದಳು. ಗೋಡೆಯ ಬಣ್ಣ, ಕುರ್ಚಿ, ಫೋನು ಎಲ್ಲವನ್ನೂ ಬದಲಾಯಿಸಿದಳು. ಇದೊಂದನ್ನು ಮಾತ್ರ ಅಪ್ಪನ ಮಾತೆಂದು ಮುಟ್ಟಲಿಲ್ಲ.

ಮ್ಯಾನೇಜರ ಕೋಣೆಯಿಂದ ಹೊರಬಂದ ಸಮಾಧಾನಪ್ಪನ ಮನಸ್ಸಿನಲ್ಲಿ ಬಂದು ನಿಂತವನು ಅವನ ಭಾವಮೈದ. ಹೆಂಡತಿಯ ತಮ್ಮ. ಬಣ್ಣದ ಅಂಗಡಿ ಇಟ್ಟಿದ್ದ. ಯಾವಾಗ ಊಟಕ್ಕೆ ಕೂತರೂ "ಭಾವ, ನಿಮ್ಮ ಕೆಲಸ ಹೋದ್ರೆ ಹೆದರ್ಬೇಡಿ, ನಮ್ಮಂಗಡಿ ಇದ್ದೇ ಇದೆ" ಎಂದು, ಕೆಲಸ ಹೋಗುವುದು ನಿಶ್ಚಯವಾದವನಂತೆ ಹೇಳುತ್ತಿದ್ದ. ಅಲ್ಲಿ ಕೆಲಸಕ್ಕಿರುವವರೆಲ್ಲ ಅವನನ್ನು "ಸಾರ್" ಅನ್ನಬೇಕು. ತಾನು ಮದುವೆಯಾದಾಗ ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ ಹುಡುಗನನ್ನು ಗಿರಾಕಿಗಳ ಮುಂದೆ ಸಾರ್ ಅನ್ನುವುದಕ್ಕಿಂತ ಡಬ್ಬಿಯ ಬಣ್ಣವನ್ನೇ ಕುಡಿಯುವುದು ವಾಸಿ ಎನಿಸಿತು ಸಮಾಧಾನಪ್ಪನಿಗೆ. ಆದರೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಅವನಿಗೆ ನಿಜವಾಗಿ ಅಳು ಬಂತು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಕಚೇರಿಯ ಹಾಲ್ ತಲುಪಿತ್ತು. ಎಲ್ಲರೂ ಕಾಯಿಲೆಯವನನ್ನು ನೋಡುವಂತೆ ನೋಡಿದರು. ನಿನ್ನೆಯವರೆಗೆ "ಏನಯ್ಯಾ" ಎನ್ನುತ್ತಿದ್ದ ಲೆಕ್ಕಪತ್ರ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲಿ ಲೆಕ್ಕಪತ್ರದವರು, ಇವತ್ತು "ಹೇಗಿದ್ದೀರಿ?" ಎಂದು ಬಹುವಚನದಲ್ಲಿ ಮೆಲ್ಲಗೆ ಕೇಳಿದರು.

ರಿಸೆಪ್ಷನಿನಲ್ಲಿ ಕೂರುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಧೈರ್ಯ ಹೇಳಿದಳು. "ನಮ್ಮ ಚಿಕ್ಕಪ್ಪನ ಮಗಂಗೂ ಹೀಗೇ ಆಯ್ತು. ಈಗ ಎಷ್ಟು ಆರಾಮಾಗಿದಾನೆ ಗೊತ್ತಾ? ಇಡೀ ದಿನ ಮಲಗಿರ್ತಾನೆ. ಮಾತೇ ಆಡಲ್ಲ."

ಪ್ಯಾಕಿಂಗ್ ಮೇಸ್ತ್ರಿ ಬಂದವನು ದುಃಖದಿಂದ, ದೂರು ಕೋಣೆಯ ಬಾಗಿಲ ಪಕ್ಕ ಹಾಲಿನಲ್ಲಿದ್ದ ಸಮಾಧಾನಪ್ಪನ ಕುರ್ಚಿಯ ಬೆನ್ನು ಸವರಿದ. "ಹೋಗೋದು ಹೋಗ್ತೀರಿ... ಈ ಕುರ್ಚಿ ಕಂಪನೀದಾ, ನಿಮ್ಮ ಸ್ವಂತದ್ದಾ?"

"ಕಂಪನೀದು," ಎಂದ ಸಮಾಧಾನಪ್ಪ.

"ದಿಂಬು?"

"ದಿಂಬು ನಂದು."

"ಛೆ," ಎಂದ ಮೇಸ್ತ್ರಿ. ಆ ಛೆ ಕೆಲಸ ಹೋದದ್ದಕ್ಕೋ ದಿಂಬು ಹೋಗುವುದಕ್ಕೋ ತಿಳಿಯಲಿಲ್ಲ.

ಇಷ್ಟೊಂದು ಪ್ರೀತಿ ಇರುವವರಲ್ಲಿ ಚಾರ್ಜು ತೆಗೆದುಕೊಳ್ಳಲು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದುಕೊಂಡು ಸಮಾಧಾನಪ್ಪ ಜೇಬಿನಿಂದ ಬೀಗದ ಕೈ ತೆಗೆದ. ಗೊಂಚಲು ಝಣ್ ಎಂದಿತು. ಆ ಸದ್ದಿಗೆ ಹಾಲಿನಲ್ಲಿದ್ದ ಕೈಗಳೆಲ್ಲ ಮಾಯವಾದವು.

ಲೆಕ್ಕಪತ್ರದವರ ಕೈಗಳು ಪ್ಯಾಂಟಿನ ಜೇಬಿಗೆ ಹೋದವು. ಅಕ್ಕ ಎರಡು ಕೈಯಲ್ಲಿ ಎರಡು ಫೋನು ಎತ್ತಿಕೊಂಡು ಎರಡಕ್ಕೂ "ಹಲೋ" ಎಂದಳು. ಎರಡೂ ಬಡಿದುಕೊಂಡಿರಲಿಲ್ಲ. ಮೇಸ್ತ್ರಿ ತನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಳಿಯಾದವನಂತೆ ನಿಂತ. ಹೊರಗೆ ಬೆಂಕಿಯಂಥ ಬಿಸಿಲಿತ್ತು.

"ಸರ್, ನೀವು ತಗೊಳ್ಳಿ," ಸಮಾಧಾನಪ್ಪ ಲೆಕ್ಕಪತ್ರದವರ ಮುಂದೆ ಗೊಂಚಲು ಹಿಡಿದ. "ನೀವು ತಿಳಿದೋರು."

"ಅಯ್ಯೋ, ತಗೋಬಹುದಿತ್ತು," ಎಂದರು ಅವರು. "ಆದ್ರೆ ನಂಗೆ ಯಾರಾದ್ರೂ ಕೂಗಿದ್ರೆ ಕೂಡಿದ್ದು ತಪ್ಪೋಗುತ್ತೆ. ಹೋದ್ಸಲ ಒಬ್ಬ ಕೂಗಿದ್ದಕ್ಕೆ ನಿಮಗೆಲ್ಲ ಸಂಬಳ ತಡ ಆಗ್ಲಿಲ್ವಾ?"

"ಅಕ್ಕಾ?"

"ಹಲೋ, ಹಲೋ," ಎಂದಳು ಅಕ್ಕ ಎಡಗಡೆಯ ಫೋನಿಗೆ.

ಮೇಸ್ತ್ರಿಯ ಕಡೆ ತಿರುಗುವಷ್ಟರಲ್ಲಿ ಮೇಸ್ತ್ರಿ ಅಲ್ಲಿರಲಿಲ್ಲ. ಸಮಾಧಾನಪ್ಪ ಪ್ಯಾಕಿಂಗ್ ಶೆಡ್ಡಿಗೆ ಹೋಗಿ ನೋಡಿದರೆ ಆ ಮಹಾರಾಯ ಎರಡು ಕೈಯನ್ನೂ ಮೊಣಕೈವರೆಗೆ ಒಂದು ರಟ್ಟಿನ ಡಬ್ಬದೊಳಗೆ ತೂರಿಸಿ, ಜೊತೆಯವನಿಂದ ಮೇಲೆ ಟೇಪು ಸುತ್ತಿಸಿಕೊಂಡು ಕೂತಿದ್ದ.

"ಏನಿದು ಮೇಸ್ತ್ರಿ?"

"ಟೇಪು ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡ್ತಾ ಇದೀನಿ," ಎಂದ ಮೇಸ್ತ್ರಿ. "ಸಂಜೆವರೆಗೂ ಇಟ್ಟು ನೋಡ್ಬೇಕು."

ಗೇಟಿನ ಕಾವಲುಗಾರನ ಹತ್ತಿರ ಹೋದರೆ ಅವನು ಬಲಗೈಯಲ್ಲಿ ಸಲಾಮು ಹೊಡೆದ. ಎಡಗೈಯಲ್ಲಿ ಗೇಟು ಹಿಡಿದಿದ್ದ. ಸಲಾಮು ಇಳಿಸಲಿಲ್ಲ, ಗೇಟೂ ಬಿಡಲಿಲ್ಲ. ಸಮಾಧಾನಪ್ಪ ಅವನ ಮುಂದೆ ಬಹಳ ಹೊತ್ತು ನಿಂತ. ಎಷ್ಟೋ ವರ್ಷದಲ್ಲಿ ಅವನಿಗೆ ಸಿಕ್ಕ ಅತಿ ಉದ್ದದ ಮರ್ಯಾದೆ ಅದು.

ಉಪಾಯವನ್ನಾದರೂ ಮಾಡೋಣವೆಂದು ಅವನು ವಾಪಸು ಬಂದು, ಲೆಕ್ಕಪತ್ರದವರು ಕೈ ತೊಳೆದುಕೊಂಡು ಬರುವ ಸಮಯ ಕಾದು, "ಸರ್, ಹಿಡೀರಿ!" ಎಂದು ಗೊಂಚಲನ್ನು ಎಸೆದ. ಏನು ಎತ್ತ ಎಂದು ನೋಡದೆ ಹಿಡಿಯುವುದು ಮನುಷ್ಯನ ಸ್ವಭಾವ. ಆದರೆ ಆ ಮನುಷ್ಯ ಲೆಕ್ಕಪತ್ರದವರು. ಹಾರಿ ಪಕ್ಕಕ್ಕೆ ಸರಿದರು. ಗೊಂಚಲು ಹಾಲಿನ ನಡುವೆ ಬಿತ್ತು. ಅದನ್ನು ಎತ್ತಿಕೊಡುವುದಕ್ಕೂ ಯಾರೂ ಬಗ್ಗಲಿಲ್ಲ. ಬಂದವರು ಹೋದವರು ಚೇಳು ಕಂಡಂತೆ ಬಳಸಿಕೊಂಡು ನಡೆದರು. ಕಸ ಗುಡಿಸುವ ಅಜ್ಜಿ ಹಾಲನ್ನೆಲ್ಲ ಗುಡಿಸಿ, ಗೊಂಚಲಿನ ಸುತ್ತ ಒಂದು ತಟ್ಟೆಯಗಲ ಧೂಳು ಬಿಟ್ಟು ಮುಂದೆ ಹೋದಳು.

"ಅಜ್ಜೀ, ನೀನೂನಾ?" ಎಂದ ಸಮಾಧಾನಪ್ಪ.

"ನಂಗೆ ನನ್ನ ಸೊಸೆ ದೂರೇ ಸಾಕಾಗಿದೆ ಕಣಪ್ಪ," ಎಂದಳು ಅಜ್ಜಿ.

ತನ್ನ ಬೀಗದ ಕೈಯನ್ನು ತಾನೇ ಬಗ್ಗಿ ಎತ್ತಿಕೊಂಡು ಸಮಾಧಾನಪ್ಪ ಮೆಟ್ಟಿಲ ಮೇಲೆ ಕೂತ. ಕೆಲಸ ಹೋಯಿತೆಂಬ ದುಃಖ ಒಂದು ಕಡೆ, ಹೋದ ಕೆಲಸವನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಾರಲ್ಲ ಎಂಬ ಅವಮಾನ ಇನ್ನೊಂದು ಕಡೆ. ಹೆಂಡತಿಗೆ ಫೋನು ಮಾಡಿದ. ಹೇಳಬಾರದೆಂದುಕೊಂಡೇ ಎಲ್ಲವನ್ನೂ ಹೇಳಿದ.

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳು "ಒಂದು ನಿಮಿಷ ಇರಿ, ಒಲೆ ಆರಿಸಿ ಬರ್ತೀನಿ," ಎಂದಳು. ಬಂದು ಕೇಳಿದಳು, "ಯಾರೂ ತಗೊಳ್ಳದೇ ಇದ್ರೆ ಏನಾಗುತ್ತೆ?"

"ತಗೊಳ್ಳೋವರೆಗೂ ನನ್ನನ್ನ ಬಿಡೋ ಹಾಗಿಲ್ಲ. ಅದು ಕಟ್ಟಳೆ."

"ಬಿಡೋ ಹಾಗಿಲ್ಲ ಅಂದ್ರೆ?"

"ಬಿಡೋ ಹಾಗಿಲ್ಲ ಅಂದ್ರೆ ನಾನು ಕೆಲಸದಲ್ಲೇ ಇರ್ತೀನಿ. ಸಂಬಳ ಕೊಡ್ಲೇಬೇಕು."

"ಅಂದ್ಮೇಲೆ ಬೆಳಿಗ್ಗೆಯಿಂದ ಯಾಕೆ ಎಲ್ಲರ ಕಾಲು ಹಿಡಿದು ಕೊಡಕ್ಕೆ ಹೋಗ್ತಾ ಇದ್ದೀರಿ? ನಿಮಗೆ ಬುದ್ಧಿ ಎಲ್ಲಿಗೆ ಹೋಗಿದೆ?"

ಸಮಾಧಾನಪ್ಪ ಗೊಂಚಲನ್ನು ಅಂಗೈಯಲ್ಲಿಟ್ಟು ನೋಡಿದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದ ಹಾಗಾಗಿತ್ತು. ಫೋನು ಇಟ್ಟು ಎದ್ದಾಗ ಅವನ ಎದೆ ಎರಡು ಅಂಗುಲ ಮುಂದೆ ಬಂದಿತ್ತು.

ಆಮೇಲೆ ನಡೆದದ್ದನ್ನು ಆ ಕಂಪನಿಯವರು ಇಂದಿಗೂ ಮರೆತಿಲ್ಲ. ಸಮಾಧಾನಪ್ಪ ಗೊಂಚಲನ್ನು ಬೆರಳಿಗೆ ಸಿಕ್ಕಿಸಿ ಝಣಝಣ ಎನ್ನಿಸುತ್ತ ಹಾಲಿಗೆ ಬಂದ. ಟೀ ಕುಡಿಯಲು ಸಾಲುಗಟ್ಟಿ ನಿಂತಿದ್ದವರು ಬಾಗಿಲು ತೆರೆದಂತೆ ಎರಡು ಕಡೆಗೆ ಸರಿದರು. ಯಾವಾಗಲೂ ತಳದ ಗಸಿ ಕುಡಿಯುತ್ತಿದ್ದವನು ಅವತ್ತು ಮೊದಲ ಲೋಟ ಕುಡಿದ. "ಇನ್ನೊಂದು ಅರ್ಧ," ಎಂದು ಬರಿಗೈ ಚಾಚಿದರೂ ಟೀ ಕೊಡುವವನು ಬೆದರಿ ಲೋಟವನ್ನು ಮೇಜಿನ ಮೇಲಿಟ್ಟು ದೂರ ನಿಂತ.

ಲೆಕ್ಕಪತ್ರದವರು ಯಾವ ಕಾಲದಿಂದಲೋ ತಡೆಹಿಡಿದಿದ್ದ ಅವನ ರಜೆಯ ಅರ್ಜಿ ಇತ್ತು. "ಸರ್, ಅದೊಂದು ನೋಡ್ತೀರಾ, ಇಲ್ಲಾ..." ಎಂದು ಗೊಂಚಲನ್ನು ಸ್ವಲ್ಪ ಮುಂದೆ ತಂದ. ಅರ್ಜಿ ಮಂಜೂರಾಯಿತು. ಅಕ್ಕ ತನ್ನ ಡಬ್ಬಿಯ ತಿಂಡಿಯನ್ನು ಕೇಳುವ ಮೊದಲೇ ಮುಂದಕ್ಕೆ ತಳ್ಳಿದಳು. ಟೀಗೆ ಬಂದಿದ್ದ ಮೇಸ್ತ್ರಿ ಡಬ್ಬದೊಳಗೆ ಕೈಯಿಟ್ಟುಕೊಂಡೇ "ಕುರ್ಚಿ ನಿಮ್ಮದೇ ಸಾರ್, ದಿಂಬೂ ನಿಮ್ಮದೇ" ಎಂದು ಒಪ್ಪಿಕೊಂಡ. ಅಂಜಿಕೆ ಎಂಬುದನ್ನು ತಾನೂ ಹುಟ್ಟಿಸಬಲ್ಲೆ ಎಂದು ಸಮಾಧಾನಪ್ಪನಿಗೆ ಹುಟ್ಟಿದ ಮೇಲೆ ಮೊದಲ ಬಾರಿ ತಿಳಿಯಿತು. ಬಹಳ ರುಚಿಯಾಗಿತ್ತು.

ಮ್ಯಾನೇಜರು ಒಮ್ಮೆ ಬಾಗಿಲಿಂದ ತಲೆ ಹೊರಹಾಕಿದರು. "ಏನ್ರೀ, ಆಯ್ತಾ?"

"ಪ್ರಯತ್ನ ಮಾಡ್ತಾ ಇದೀನಿ ಸರ್," ಎಂದ ಸಮಾಧಾನಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು. "ನೀವೇ ತಗೋತೀರಾ?"

ತಲೆ ಒಳಗೆ ಹೋಯಿತು. ಆಮೇಲೆ ಯಜಮಾನತಿ ಕರೆಸಿದಳೆಂದು ಅವರು ಮಹಡಿ ಹತ್ತಿಹೋದರು.

ಅಷ್ಟರಲ್ಲಿ ದೂರಿನವರು ಬರತೊಡಗಿದರು. ಮೊದಲು ಬಂದವರು ನಿವೃತ್ತ ಮೇಷ್ಟ್ರು. ಅವರ ಫ್ಯಾನು ಕಟಕಟ ಎನ್ನುತ್ತಿತ್ತು. ರಿಪೇರಿಯಾಗಿ ಹೋದರೆ ಮನೆಯಲ್ಲಿ ಮತ್ತೆ ಕಟಕಟ ಎನ್ನುತ್ತಿತ್ತು. ಹೀಗಾಗಿ ಅವರು ವಾರ ತಪ್ಪದೆ ಬರುತ್ತಿದ್ದರು, ಕಟಕಟ ಮೇಷ್ಟ್ರು ಎಂದೇ ಹೆಸರಾಗಿದ್ದರು.

"ಬಾಗಿಲು ಯಾಕ್ರೀ ಹಾಕಿದೆ?" ಎಂದು ಮೇಷ್ಟ್ರು ಗುಡುಗಿದರು.

"ಮೇಷ್ಟ್ರೇ, ನನ್ನ ಹುದ್ದೆ ರದ್ದಾಗಿದೆ," ಸಮಾಧಾನಪ್ಪ ವಿನಯದಿಂದ ಹೇಳಿದ. "ಹೊಸದಾಗಿ ಚಾರ್ಜು ತಗೊಂಡೋರು ಬಾಗಿಲು ತೆಗೀತಾರೆ. ಅವರು ಯಾರು ಅಂತ ಇವರೆಲ್ಲರನ್ನೂ ಕೇಳಿ."

ಮೇಷ್ಟ್ರು ಕೇಳಿದರು. ಪಾಠ ಒಪ್ಪಿಸದ ಹುಡುಗರನ್ನು ಕೇಳುವ ಹಾಗೆ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ಕೇಳಿದರು. ಅವರ ಹಿಂದೆ ಗಾಳಿ ಬಾರದ ಫ್ಯಾನಿನವರು ಬಂದರು, ಅವರ ಹಿಂದೆ ನಿದ್ದೆಗೆಟ್ಟ ಮಗುವನ್ನೇ ಎತ್ತಿಕೊಂಡು ಒಬ್ಬ ತಾಯಿ ಬಂದಳು. ಬಾಗಿಲು ಮುಚ್ಚಿರುವುದರಿಂದ ಎಲ್ಲರೂ ಹಾಲಿಗೇ ನುಗ್ಗಿದರು. ಲೆಕ್ಕಪತ್ರದವರ ಮೇಜಿನ ಮೇಲೆ ಎರಡು ಫ್ಯಾನು ಬಂದು ಕೂತವು. ಅಕ್ಕನ ಫೋನುಗಳು ಈಗ ನಿಜವಾಗಿಯೂ ಬಡಿದುಕೊಳ್ಳತೊಡಗಿದವು, ಅವಳು ಕಿವಿ ಮುಚ್ಚಿಕೊಂಡಳು. ಮಗು ಅಳುತ್ತಿತ್ತು. ಒಬ್ಬ ಸಿಟ್ಟಿನಲ್ಲಿ ಮೇಸ್ತ್ರಿಯನ್ನು ಹಿಡಿದು ಅಲ್ಲಾಡಿಸಿದ, ಕೈಗಳು ಡಬ್ಬದೊಳಗಿದ್ದುದರಿಂದ ಮೇಸ್ತ್ರಿಗೆ ಬಿಡಿಸಿಕೊಳ್ಳಲೂ ಆಗಲಿಲ್ಲ.

"ಸಮಾಧಾನಪ್ಪನೋರೇ, ಕಾಪಾಡಿ!" ಎಂದು ಲೆಕ್ಕಪತ್ರದವರು ಕೂಗಿದರು.

"ನಾನು ಯಾರು ಸರ್ ಕಾಪಾಡಕ್ಕೆ? ನಾನು ಬೇಡಾದೋನು," ಎಂದ ಅವನು, ದಿಂಬು ಸರಿಮಾಡಿಕೊಂಡು.

ಮಹಡಿಯ ಮೇಲಿಂದ ಯಜಮಾನತಿ ಇಳಿದು ಬಂದಳು. ಹಿಂದೆ ಮ್ಯಾನೇಜರು. ಅವರ ಮುಖ ಹರಳೆಣ್ಣೆ ಕುಡಿದವರಂತಿತ್ತು. ತನ್ನ ಗೆಲುವು ನೋಡಲಾರದೆ ಹಾಗಾಗಿದೆ ಎಂದುಕೊಂಡು ಸಮಾಧಾನಪ್ಪ ಇನ್ನಷ್ಟು ಹಿಗ್ಗಿದ.

"ಏನು ಗಲಾಟೆ ಇದು?" ಎಂದಳು ಯಜಮಾನತಿ.

ಎಲ್ಲರೂ ಒಟ್ಟಿಗೆ ಹೇಳಿದರು, ಅದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಮೇಷ್ಟ್ರೇ ಮೇಜು ಗುದ್ದಿ ಎಲ್ಲರನ್ನೂ ಸುಮ್ಮನಾಗಿಸಿ ವಿವರಿಸಿದರು. ಈ ಮನುಷ್ಯನನ್ನು ತೆಗೆದುಹಾಕಿದ್ದಾರೆ, ಇವನ ಕೆಲಸ ಮಾಡಲು ಇಡೀ ಕಂಪನಿಯಲ್ಲಿ ಒಬ್ಬ ಗಂಡಸೂ ಇಲ್ಲ ಒಬ್ಬ ಹೆಂಗಸೂ ಇಲ್ಲ, ಇದು ಕಂಪನಿಯೋ ಕೋಳಿಗೂಡೋ ಎಂದು ಕೇಳಿದರು.

ಯಜಮಾನತಿ ಸುತ್ತ ನೋಡಿದಳು. "ಈ ಚಾರ್ಜು ಯಾರು ತಗೋತೀರಿ?"

ಜೇಬುಗಳು ಇನ್ನೂ ಆಳವಾದವು. ಮೇಸ್ತ್ರಿ ತನ್ನ ಡಬ್ಬವನ್ನು ಎತ್ತಿ ತೋರಿಸಿದ.

"ಸಂಬಳ ಸ್ವಲ್ಪ ಜಾಸ್ತಿ ಮಾಡಿದ್ರೆ?"

ಅಕ್ಕ ಮೇಜಿನ ಕೆಳಗೆ ಬಗ್ಗಿ ಬೀಳದ ಪೆನ್ನು ಹುಡುಕಿದಳು.

ಯಜಮಾನತಿ ದೀರ್ಘವಾಗಿ ಉಸಿರುಬಿಟ್ಟಳು. "ಹಾಗಾದ್ರೆ ತಪ್ಪು ನಂದೇ. ಇಷ್ಟು ಜನರಲ್ಲಿ ಒಬ್ಬರೂ ಮುಟ್ಟಕ್ಕೆ ಹೆದರೋ ಕೆಲಸವನ್ನ ರದ್ದು ಮಾಡಕ್ಕೆ ಹೊರಟಿದ್ನಲ್ಲ! ಎಲ್ಲರ ಮುಂದೆ, ಅಪ್ಪನ ಮೇಲಾಣೆ ಇಟ್ಟು ಹೇಳ್ತಾ ಇದೀನಿ. ದೂರು ವಿಭಾಗ ಇರುತ್ತೆ. ಆ ಬೀಗದ ಕೈ ಯಾರ ಹತ್ರ ಇರುತ್ತೋ ಅವರನ್ನ ನಿವೃತ್ತಿ ಆಗೋವರೆಗೂ ಈ ಕಂಪನಿ ಮುಟ್ಟಲ್ಲ. ಸಂಬಳಾನೂ ಜಾಸ್ತಿ."

ಹಾಲಿನಲ್ಲಿ ಒಮ್ಮೆಗೇ ಗದ್ದಲವೆದ್ದಿತು. ಮೇಷ್ಟ್ರು "ಭಲೇ!" ಎಂದರು. ಮಗು ಕೂಡ ಅಳು ನಿಲ್ಲಿಸಿ ನೋಡಿತು. ಸಮಾಧಾನಪ್ಪ ಎದ್ದು ನಿಂತ. ಗೊಂಚಲನ್ನು ತಲೆಯ ಮೇಲೆತ್ತಿ ಗಲಗಲ ಆಡಿಸಿದ. ಬೆಳಿಗ್ಗೆ ಬೇಡವಾಗಿದ್ದವನು ಸಂಜೆಗೆ ಬೇಕೇ ಬೇಕಾದವನಾಗಿದ್ದ. ಇವತ್ತು ಮನೆಗೆ ಹೋಗುವಾಗ ಬಣ್ಣದ ಅಂಗಡಿಯ ಮುಂದೆಯೇ ಹೋಗಬೇಕು, ಬೇಕೆಂದೇ ನಿಧಾನವಾಗಿ ನಡೆಯಬೇಕು, ಭಾವಮೈದ "ಏನು ಭಾವ?" ಎಂದರೆ "ಏನಿಲ್ಲ, ಸಂಬಳ ಜಾಸ್ತಿ ಮಾಡಿದ್ರು" ಎಂದಷ್ಟೇ ಹೇಳಿ ಮುಂದೆ ಹೋಗಬೇಕು ಎಂದು ಅವನು ನಿಂತಲ್ಲೇ ಲೆಕ್ಕ ಹಾಕಿದ.

"ನೀವು ಇರ್ತೀರಿ ಅಂದ್ಮೇಲೆ ನಂಗೆ ಯೋಚನೆ ಇಲ್ಲ," ಎಂದು ಮೇಷ್ಟ್ರು ಆನಂದ ತಡೆಯಲಾರದೆ ತಮ್ಮ ಫ್ಯಾನನ್ನು, ರೆಕ್ಕೆ ಸಮೇತ, ಮಗುವನ್ನು ಕೊಡುವಂತೆ ಅವನ ತೋಳಿಗೆ ನೀಡಿದರು. "ತಗೊಳ್ಳಿ, ಇವತ್ತು ಮೊದಲು ನಂದೇ ನೋಡ್ಬೇಕು."

ಸೀಲಿಂಗ್ ಫ್ಯಾನು ಒಂದು ಕೈಯಲ್ಲಿ ನಿಲ್ಲುವ ವಸ್ತುವಲ್ಲ. ಸಮಾಧಾನಪ್ಪ ಒಂದು ಕೈಯಲ್ಲಿ ಅಪ್ಪಿಕೊಂಡ, ಅದು ಜಾರಿತು. ಮೊಣಕಾಲು ಒಡ್ಡಿದ, ರೆಕ್ಕೆ ತಿರುಗಿ ಮೂಗಿಗೆ ತಗುಲಿತು. ಗೊಂಚಲನ್ನು ಹಲ್ಲಲ್ಲಿ ಕಚ್ಚೋಣವೆಂದುಕೊಂಡ, ಯಜಮಾನತಿಯ ಮುಂದೆ ಅದು ಚೆನ್ನಾಗಿರುವುದಿಲ್ಲ ಎನಿಸಿತು. ಆಗ ಪಕ್ಕದಿಂದ ಒಂದು ಕೈ ಮುಂದೆ ಬಂತು.

"ಕೊಡಿ, ನಾನು ಹಿಡ್ಕೋತೀನಿ," ಎಂದರು ಮ್ಯಾನೇಜರು.

ಬೆಳಿಗ್ಗೆಯಿಂದ ಇಡೀ ಕಂಪನಿಯಲ್ಲಿ ಅವನ ಕಡೆಗೆ ಚಾಚಿದ ಮೊದಲ ಕೈ ಅದು. ಸಮಾಧಾನಪ್ಪನ ಮನಸ್ಸು ಕರಗಿಹೋಯಿತು. ಎಷ್ಟಾದರೂ ದೊಡ್ಡ ಮನುಷ್ಯರು, ಸೋತರೂ ಕೊಂಕಿಲ್ಲ ಎಂದುಕೊಂಡು, "ದೊಡ್ಡ ಉಪಕಾರ ಸರ್," ಎಂದು ಗೊಂಚಲನ್ನು ಅವರ ಅಂಗೈಯಲ್ಲಿಟ್ಟ. ಎರಡೂ ತೋಳಲ್ಲಿ ಫ್ಯಾನನ್ನು ಭದ್ರವಾಗಿ ತಬ್ಬಿಕೊಂಡ.

ಮ್ಯಾನೇಜರು ಬೆರಳು ಮಡಚಿದರು. ಗಂಟಲು ಸರಿಮಾಡಿಕೊಂಡರು. ನಾಲ್ಕು ಜನಕ್ಕಲ್ಲ, ನಾಲ್ಕು ಬೀದಿಗೆ ಕೇಳುವಂತೆ ಹೇಳಿದರು.

"ತಗೊಂಡೆ!"

ಹಾಲಿನಲ್ಲಿದ್ದವರೆಲ್ಲ ಒಮ್ಮೆಗೇ ತಿರುಗಿದರು.

"ಸರ್," ಎಂದ ಸಮಾಧಾನಪ್ಪ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಸುಮ್ಮನೆ ಹಿಡ್ಕೊಳ್ಳಿ ಅಂತ ಕೊಟ್ಟಿದ್ದು..."

"ಕೈಯಿಂದ ಕೈಗೆ ಬಂತಾ ಇಲ್ವಾ?" ಮ್ಯಾನೇಜರು ಗೊಂಚಲನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡಿದ್ದರು. ಅವರ ಕಣ್ಣಲ್ಲಿ ನೀರಿತ್ತು. "ಕ್ಷಮಿಸಿ ಕಣ್ರೀ. ಈಗ ತಾನೇ ಮೇಲೆ ಕರೆದು ಮೇಡಂ ನನ್ನ ಹುದ್ದೆ ರದ್ದು ಅಂದ್ರು. ಖರ್ಚು ಇಳಿಸಕ್ಕೆ ನನ್ನ ಕೈಯಲ್ಲಿ ಎಲ್ಲರನ್ನೂ ತೆಗೆಸಿ ಕೊನೆಗೆ ನನ್ನನ್ನೇ ತೆಗೆದ್ರು. ಮನೇಲಿ ಎರಡು ಮಕ್ಕಳಿದಾರೆ. ನಾನೇನು ಮಾಡ್ಲಿ?"

ಎಲ್ಲರೂ ಯಜಮಾನತಿಯನ್ನು ನೋಡಿದರು. ಅವಳು ಒಮ್ಮೆ ಸಮಾಧಾನಪ್ಪನನ್ನು, ಒಮ್ಮೆ ಮ್ಯಾನೇಜರನ್ನು, ಒಮ್ಮೆ ಗೋಡೆಯ ಮೇಲಿದ್ದ ಅಪ್ಪನ ಪಟವನ್ನು ನೋಡಿದಳು. ಪಟದಲ್ಲಿ ದೊಡ್ಡ ಯಜಮಾನರು ಕಟ್ಟಳೆ ಮಾಡಿದ ಮುಖದಲ್ಲೇ ಇದ್ದರು.

"ಆಣೆ ಇಟ್ಟಿದೀನಿ," ಎಂದಳು ಸಣ್ಣ ದನಿಯಲ್ಲಿ. "ಕೊಟ್ಟಿದ್ದೂ ಆಯ್ತು, ತಗೊಂಡಿದ್ದೂ ಆಯ್ತು. ನಾನು ಮಾಡೋದೇನಿದೆ?"

"ಏನಾಯ್ತು? ಏನಾಯ್ತು?" ಎಂದು ಮೇಷ್ಟ್ರು ಲೆಕ್ಕಪತ್ರದವರ ತೋಳು ಜಗ್ಗಿದರು.

"ಚಾರ್ಜು ಒಪ್ಪಿಸಿದ್ರು ಮೇಷ್ಟ್ರೇ," ಎಂದರು ಲೆಕ್ಕಪತ್ರದವರು. "ಪಾಪ, ಬೆಳಿಗ್ಗೆಯಿಂದ ಒದ್ದಾಡ್ತಾ ಇದ್ರು. ಕೊನೆಗೂ ಆಯ್ತು."

ಹಾಗೆ ಹೇಳಿದ ಮೇಲೆ ಅವರಿಗೇ ಆ ಮಾತಿನ ನೆಮ್ಮದಿ ಅರಿವಾಯಿತು. ಬೀಗದ ಕೈ ಇನ್ನು ಯಾರ ಕೈಗೂ ಬರುವುದಿಲ್ಲ. ಅವರು ಜೇಬಿನಿಂದ ಎರಡೂ ಕೈ ತೆಗೆದು ಚಪ್ಪಾಳೆ ತಟ್ಟಿದರು. ಅಕ್ಕ ಮೇಜಿನ ಕೆಳಗಿಂದ ಎದ್ದು ತಟ್ಟಿದಳು. ಕಾವಲುಗಾರ ಗೇಟು ಬಿಟ್ಟು ಬಂದು ತಟ್ಟಿದ. ಮೇಸ್ತ್ರಿ ಹಲ್ಲಿನಿಂದ ಟೇಪು ಹರಿದು ಕೈ ಹೊರಗೆಳೆದು, ಎಲ್ಲರಿಗಿಂತ ಜೋರಾಗಿ ತಟ್ಟಿದ. ಕಂಪನಿ ಶುರುವಾದಂದಿನಿಂದ ಯಾರೊಬ್ಬರಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಸಮಾಧಾನಪ್ಪ ಚಪ್ಪಾಳೆಯ ನಡುವೆ ಫ್ಯಾನನ್ನು ತಬ್ಬಿಕೊಂಡು ನಿಂತಿದ್ದ. ಏನಾದರೂ ಹೇಳಬೇಕೆನಿಸಿ ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರು ದೂರು ವಿಭಾಗದ ಬೀಗ ತೆಗೆದು, ಒಳಗೆ ಹೋಗಿ, ಒಂದು ಲೋಟ ನೀರು ತುಂಬಿ ಮೇಜಿನ ಮೇಲಿಟ್ಟು, ಬಾಗಿಲಿಗೆ ಬಂದು ಅವನನ್ನೇ ಬಹಳ ಮರ್ಯಾದೆಯಿಂದ ಕರೆದರು.

"ಬನ್ನಿ, ಫ್ಯಾನು ಹಿಡ್ಕೊಂಡಿರೋರು ಮೊದಲು ಬನ್ನಿ. ಕೂತ್ಕೊಳ್ಳಿ. ಹೇಳಿ, ಏನು ನಿಮ್ಮ ದೂರು?"